ಸದ್ಯ ಏನ್ ಓದಾಕತ್ತೀರಿ? ಪಡಸಾಲೆಯ ಓದುಕೂಟ ನಡೆಸುವ ಬಗೆ

‘ಭಾಳ ಛಲೋ ಐತ್ರಿ, ಓದ್ರಿ’ ಅಂದರೆ ಶಿಫಾರಸು ಮಾಡಿದಂತಾಗಲಿಲ್ಲ. ಕೇಳಿದವರು ತಲೆ ಆಡಿಸುತ್ತಾರೆ, ಮನೆ ಮುಟ್ಟುವಷ್ಟರಲ್ಲಿ ಪುಸ್ತಕದ ಹೆಸರೂ ಮರೆತಿರುತ್ತದೆ. ವಿಜಯಪುರದಲ್ಲಿ ತಿಂಗಳಿಗೊಂದು ಭಾನುವಾರ ಹತ್ತು ಜನ ಪಡಸಾಲೆಯಲ್ಲಿ ಕೂತು ಪುಸ್ತಕದ ಮಾತಾಡುವ ಕೂಟ ನಮ್ಮದು. ಅದನ್ನು ನಡೆಸುತ್ತ ರೂಢಿಯಾದ ಕ್ರಮ ಇಲ್ಲಿದೆ.

ಮೊದಲ ಕಟ್ಟಳೆ: ಓದಿ ಮುಗಿಸಿದ್ದನ್ನು ತರಬಾರದು, ಓದುತ್ತಿರುವುದನ್ನೇ ತರಬೇಕು. ಮುಗಿಸಿದ ಪುಸ್ತಕ ಕೈಯಲ್ಲಿದ್ದರೆ ಮಾತು ಭಾಷಣವಾಗುತ್ತದೆ, ಕಥೆಯೆಲ್ಲ ಹೊರಬೀಳುತ್ತದೆ, ಉಳಿದವರಿಗೆ ಅದನ್ನು ಓದುವ ಕಾರಣವೇ ಉಳಿಯುವುದಿಲ್ಲ. ನಡುವಿನಲ್ಲಿ ಇರುವವರಿಗೆ ಕೊನೆ ಗೊತ್ತಿರುವುದಿಲ್ಲ. ಹಾಗಾಗಿ ಪುಸ್ತಕ ಹೇಗೆ ಸಾಗುತ್ತಿದೆ, ಎಲ್ಲಿ ಎಳೆಯಿತು, ಎಲ್ಲಿ ಬೇಸರ ಬಂತು ಎಂಬುದನ್ನೇ ಹೇಳಬೇಕಾಗುತ್ತದೆ. ಕೇಳುವವರಿಗೆ ಬೇಕಾದದ್ದೂ ಅದೇ. ಎಷ್ಟೇ ಓದಿರಲಿ, ಕಥೆಯನ್ನು ಮೊದಲ ಕಾಲುಭಾಗದಾಚೆ ಬಿಚ್ಚಬಾರದು.

ಬರುವಾಗ ಪ್ರತಿಯೊಬ್ಬರೂ ಒಂದು ಚೀಟಿ ಬರೆದು ತರುತ್ತಾರೆ. ಪೋಸ್ಟ್‌ಕಾರ್ಡಿನಷ್ಟು ದಪ್ಪ ಕಾಗದ ಸಾಕು. ಲಗ್ನಪತ್ರಿಕೆಯ ಹಿಂಬದಿ ಖಾಲಿ ಇದ್ದರೆ ಕತ್ತರಿಸಿ ಇಟ್ಟುಕೊಳ್ಳುತ್ತೇವೆ. ಅದರಲ್ಲಿ ಹೆಸರು, ಲೇಖಕರು, ಪ್ರಕಾಶಕರು, ಎಷ್ಟನೆಯ ಮುದ್ರಣ, ಒಟ್ಟು ಪುಟ, ಈಗ ಯಾವ ಅಧ್ಯಾಯದಲ್ಲಿದ್ದೀರಿ, ಯಾರಿಗೆ ಹಿಡಿಸೀತು, ಯಾರಿಗೆ ಬೇಡ. ಕೊನೆಯದನ್ನು ಬರೆಯಲು ಎಲ್ಲರೂ ಹಿಂಜರಿಯುತ್ತಾರೆ, ಲೇಖಕರಿಗೆ ಅವಮಾನ ಮಾಡಿದಂತೆ ಅನ್ನಿಸುತ್ತದೆ. ಆದರೆ ಚೀಟಿಯಲ್ಲಿ ಹೆಚ್ಚು ಕೆಲಸಕ್ಕೆ ಬರುವ ಸಾಲು ಅದೇ. ‘ಸಾವಿನ ಮನೆಯ ವರ್ಣನೆ ಉದ್ದ ಇದೆ, ಈಚೆಗೆ ಮನೆಯವರನ್ನು ಕಳಕೊಂಡವರಿಗೆ ಈಗ ಬೇಡ’ ಎಂಬ ಒಂದು ಸಾಲು ಹತ್ತು ಹೊಗಳಿಕೆಗಿಂತ ಮೇಲು.

ಮುದ್ರಣದ ವಿವರ ಪುಸ್ತಕದ ಒಳಮುಖಪುಟದ ಹಿಂಬದಿಯಲ್ಲಿರುತ್ತದೆ. ಕನ್ನಡ ಪುಸ್ತಕಗಳಲ್ಲಿ ಅಲ್ಲಿಯೇ ಪುಟ, ಪ್ರತಿಗಳ ಸಂಖ್ಯೆ, 1/8 ಡೆಮಿಯೋ ಕ್ರೌನೋ ಎಂಬ ಆಕಾರ, 70 ಜಿ.ಎಸ್.ಎಂ. (ಚದರ ಮೀಟರಿಗೆ 70 ಗ್ರಾಂ) ಮ್ಯಾಪ್ಲಿಥೋ ಎಂಬಂತೆ ಕಾಗದ, ಬೆಲೆ ಎಲ್ಲ ಸಿಗುತ್ತವೆ. ‘ಸಂಗ್ರಹ’ (ಮೊಟಕು ಮಾಡಿದ್ದು), ‘ಆಯ್ದ’ ಎಂಬ ಮಾತು ಇದೆಯೋ ಇಲ್ಲವೋ ಎಂದೂ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಒಬ್ಬರು ಪೂರ್ತಿ ಪುಸ್ತಕ ಓದಿ ಹೇಳಿದ್ದನ್ನು ಇನ್ನೊಬ್ಬರು ಸಂಗ್ರಹದಲ್ಲಿ ಹುಡುಕುತ್ತ ಕೂಡುತ್ತಾರೆ. ಪುಟದ ಸಂಖ್ಯೆಯನ್ನೂ ನಂಬುವಂತಿಲ್ಲ; ಮರುಮುದ್ರಣದಲ್ಲಿ ಅಕ್ಷರದ ಗಾತ್ರ ಬದಲಾದರೆ ಪುಟ ಸರಿಯುತ್ತದೆ. ಅಧ್ಯಾಯ ಹೇಳಿದರೆ ತಪ್ಪುವುದಿಲ್ಲ.

ವಚನಗಳಿಗೆ ಇದಕ್ಕಿಂತ ಹೆಚ್ಚು ಎಚ್ಚರ ಬೇಕು. ಫ.ಗು. ಹಳಕಟ್ಟಿಯವರು ಇದೇ ಊರಿನಲ್ಲಿ ವಕೀಲಿ ಮಾಡುತ್ತ ತಾಳೆಗರಿ ಕೂಡಿಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ ತಂದರು. ಆಮೇಲೆ ಬಂದ ಸಂಪಾದನೆಗಳು ಎಷ್ಟೋ, ಸಮಗ್ರ ವಚನ ಸಂಪುಟವೇ 15 ಸಂಪುಟಗಳದ್ದು. ಒಂದೊಂದರಲ್ಲಿ ವಚನದ ಸಂಖ್ಯೆ ಒಂದೊಂದು. ‘ಬಸವಣ್ಣನವರ 96ನೆಯ ವಚನ’ ಎಂದರೆ ಯಾವ ಪುಸ್ತಕದ 96? ಮೊದಲ ಸಾಲು ಮತ್ತು ಅಂಕಿತ, ಅಂದರೆ ವಚನದ ಕೊನೆಗೆ ಬರುವ ದೇವರ ಹೆಸರು, ಹೇಳಿ. ಕೂಡಲಸಂಗಮದೇವ ಅಂದರೆ ಬಸವಣ್ಣ, ಗುಹೇಶ್ವರ ಅಂದರೆ ಅಲ್ಲಮ. ಅಷ್ಟಿದ್ದರೆ ಯಾವ ಪ್ರತಿಯಲ್ಲಾದರೂ ಹುಡುಕಬಹುದು.

ಒಬ್ಬೊಬ್ಬರಿಗೆ 5 ನಿಮಿಷ, ಪ್ರಶ್ನೆಗೆ 2 ನಿಮಿಷ. ಹತ್ತು ಜನಕ್ಕೆ 70 ನಿಮಿಷ ಆಯಿತು. ಗಡಿಯಾರ ನೋಡುವ ಕೆಲಸವನ್ನು ಕೂಟದಲ್ಲಿ ಎಲ್ಲರಿಗಿಂತ ಚಿಕ್ಕವರಿಗೆ ಕೊಡಬೇಕು. ಅವರು ಕೈ ಎತ್ತಿದರೆ ಯಾರಿಗೂ ಸಿಟ್ಟು ಬರುವುದಿಲ್ಲ. ಹಿರಿಯರ ಸರದಿ ಕೊನೆಗೆ. ನಿವೃತ್ತ ಮಾಸ್ತರರು ಮೊದಲೇ ಒಂದು ಪುಸ್ತಕವನ್ನು ‘ಏನೂ ಹುರುಳಿಲ್ಲ’ ಅಂದುಬಿಟ್ಟರೆ, ಅದನ್ನೇ ಇಷ್ಟಪಟ್ಟು ತಂದ ಕಾಲೇಜು ಹುಡುಗಿ ಬಾಯಿ ಬಿಡುವುದಿಲ್ಲ. 5 ನಿಮಿಷದಲ್ಲಿ ಒಂದೂವರೆ ನಿಮಿಷ ಗಟ್ಟಿಯಾಗಿ ಓದಲೇಬೇಕು, ಅರ್ಧ ಪುಟದಷ್ಟು. ಮುನ್ನುಡಿಯಿಂದ ಬೇಡ, ಬೆನ್ನುಡಿಯಿಂದ ಅಂತೂ ಬೇಡವೇ ಬೇಡ. ಲೇಖಕರ ಧಾಟಿ ಕಿವಿಗೆ ಬಿದ್ದ ಮೇಲೆ ಅರ್ಧ ಜನ ತಮಗೆ ಬೇಕೋ ಬೇಡವೋ ತಾವೇ ತೀರ್ಮಾನಿಸುತ್ತಾರೆ.

ಇನ್ನು ‘ನನಗೊಂದು ಪುಸ್ತಕ ಹೇಳ್ರಿ’ ಎಂದು ಕೇಳುವವರ ವಿಷಯ. ನಿಮಗೆ ಇಷ್ಟವಾದದ್ದನ್ನು ತಕ್ಷಣ ಕೈಗಿಟ್ಟರೆ ಹತ್ತರಲ್ಲಿ ಏಳು ಸಲ ಅದು ತಿರುಗಿ ಬರುತ್ತದೆ, ಓದದೆ. ಮೂರು ಪ್ರಶ್ನೆ ಕೇಳಿ: ಕೊನೆಗೆ ಓದಿ ಮುಗಿಸಿದ್ದು ಯಾವುದು? ಅರ್ಧಕ್ಕೆ ಬಿಟ್ಟದ್ದು ಯಾವುದು, ಎಲ್ಲಿ ಬಿಟ್ಟಿರಿ? ದಿನಕ್ಕೆ ಎಷ್ಟು ಹೊತ್ತು ಸಿಗುತ್ತದೆ? ಎರಡನೆಯ ಉತ್ತರದಲ್ಲೇ ಹೆಚ್ಚು ತಿಳಿಯುತ್ತದೆ. ಮೊದಲ 20 ಪುಟದೊಳಗೆ ಬಿಟ್ಟಿದ್ದರೆ ತೊಡಕು ಭಾಷೆಯದ್ದು. 50-60ರ ಹೊತ್ತಿಗೆ ಬಿಟ್ಟಿದ್ದರೆ ಪಾತ್ರಗಳ ಗೊಂದಲ. ಅರ್ಧ ದಾಟಿ ಬಿಟ್ಟಿದ್ದರೆ ಪುಸ್ತಕವೇ ಸೊರಗಿರಬೇಕು ಅಥವಾ ಸುಗ್ಗಿ, ಪರೀಕ್ಷೆ ಏನೋ ಬಂದಿರಬೇಕು. ಅಂಥವರಿಗೆ ಹೊಸದು ಕೊಡುವುದಕ್ಕಿಂತ ಬಿಟ್ಟದ್ದನ್ನೇ ಮತ್ತೆ ಹಿಡಿಸುವುದು ಲೇಸು. ಹೊತ್ತಿನ ಲೆಕ್ಕವೂ ಸುಲಭ: ಡೆಮಿ ಆಕಾರದ ಕಾದಂಬರಿ ಗಂಟೆಗೆ 25-30 ಪುಟ ಸಾಗುತ್ತದೆ. ದಿನಕ್ಕೆ ಅರ್ಧ ಗಂಟೆ ಸಿಗುವವರಿಗೆ 600 ಪುಟ ಕೊಟ್ಟರೆ ಮುಗಿಯಲು ಒಂದೂವರೆ ತಿಂಗಳು, ಅಂದರೆ ಮುಂದಿನ ಕೂಟಕ್ಕೆ ಅವರು ಬರಿಗೈಯಲ್ಲಿ ಬರಲು ನಾಚಿ ತಪ್ಪಿಸುತ್ತಾರೆ.

ನಮ್ಮ ಭಾಗದ ಪುಸ್ತಕಗಳಲ್ಲಿ ಪಾತ್ರಗಳ ಗೊಂದಲಕ್ಕೆ ಒಳ್ಳೆಯ ಉದಾಹರಣೆ ರಾವಬಹಾದ್ದೂರರ ಕಾದಂಬರಿ ‘ಗ್ರಾಮಾಯಣ’ (1957). ಒಬ್ಬ ನಾಯಕನಿಲ್ಲ, ಊರೇ ನಾಯಕ. ಹಾಗಾಗಿ ಮೊದಲಿನಲ್ಲೇ ಮಂದಿ ತುಂಬಿಕೊಳ್ಳುತ್ತಾರೆ, ಓದುವವರು ಅಲ್ಲೇ ಕೈಬಿಡುತ್ತಾರೆ. ಇದನ್ನು ಕೊಡುವಾಗ ಒಂದು ಖಾಲಿ ಚೀಟಿಯನ್ನೂ ಒಳಗಿಟ್ಟು, ‘ಹೊಸ ಹೆಸರು ಬಂದಾಗೆಲ್ಲ ಬರ್ಕೊಳ್ರಿ, ಯಾರ ಮಗ, ಯಾರ ಕಡೆಯವ ಅಂತ’ ಎಂದು ಹೇಳಿದರೆ ದಾಟುತ್ತಾರೆ. ಮೈಸೂರು ಕಡೆಯಿಂದ ಬಂದು ಇಲ್ಲಿ ನೌಕರಿ ಮಾಡುವವರಿಗೆ ಸಂಭಾಷಣೆಯ ಎರಡು ಪುಟ ಗಟ್ಟಿಯಾಗಿ ಓದಿ ಕೇಳಿಸಿ. ಕಣ್ಣಿಗೆ ಒರಟಾಗಿ ಕಂಡದ್ದು ಕಿವಿಗೆ ಸಲೀಸು. ಅದು ಹಿಡಿಸಿದವರಿಗೆ ಮುಂದೆ ಚಂದ್ರಶೇಖರ ಕಂಬಾರರ ‘ಕರಿಮಾಯಿ’. ಅಲ್ಲಿಯೂ ಒಂದು ಊರು ಬದಲಾಗುವ ಕಥೆಯೇ, ಆದರೆ ಹೇಳುವ ಬಗೆ ಬೇರೆ, ಪುರಾಣದ ಗಾಳಿ ಆಡುತ್ತದೆ.

ಹಲಸಂಗಿ ಗೆಳೆಯರು ಹೆಂಗಸರ ಜನಪದ ಹಾಡು ಕೂಡಿಸಿ 1931ರಲ್ಲಿ ತಂದ ‘ಗರತಿಯ ಹಾಡು’ ಬೇರೆಯೇ ಲೆಕ್ಕ. ಕಾದಂಬರಿಯಂತೆ ಒಂದೇ ಸಮನೆ ಓದಿದವರಿಗೆ ಎಲ್ಲ ತ್ರಿಪದಿಯೂ ಒಂದೇ ಥರ ಕಾಣುತ್ತದೆ. ದಿನಕ್ಕೆ ಹತ್ತು ಸಾಕು, ಮನೆಯಲ್ಲಿ ಬೀಸುಕಲ್ಲಿನ ಹಾಡು ಬರುವ ಆಯಿ ಇದ್ದರೆ ಅವರ ಎದುರಿಗೆ.

ಪುಸ್ತಕದ ಕೈಬದಲಿಗೆ ಒಂದು ನೋಟ್‌ಬುಕ್: ಯಾರದ್ದು, ಯಾರಿಗೆ, ಕೊಟ್ಟ ತಾರೀಖು. ಅವಧಿ ಮುಂದಿನ ಕೂಟದವರೆಗೆ, ಒಬ್ಬರಿಗೆ ಒಂದೇ. ಎರಡು ಕೊಟ್ಟರೆ ಎರಡೂ ಓದುವುದಿಲ್ಲ. ನೂಲು ಹಾಕಿ ಹೊಲಿದ ಪುಸ್ತಕ ಹತ್ತು ಕೈ ದಾಟುತ್ತದೆ. ಬರೀ ಅಂಟಿನ ಬೈಂಡಿಂಗ್ ಆದರೆ ಬೇಸಿಗೆಯಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟು ಮರೆಯಬಾರದು. ಬಿಸಿ ಮಾಡಿ ಹಾಕಿದ ಅಂಟು ಬಿಸಿಲಿಗೆ ಮೆತ್ತಗಾಗಿ, ಪುಸ್ತಕವನ್ನು ಅಗಲಿಸಿ ತೆರೆದಾಗ ನಡುವಿನ ಹಾಳೆ ಕೈಗೆ ಬರುತ್ತದೆ. ಅಂಥದನ್ನು 120 ಡಿಗ್ರಿಗಿಂತ ಹೆಚ್ಚು ಅಗಲಿಸದೆ ಓದಬೇಕು ಎಂದು ಕೊಡುವಾಗಲೇ ಹೇಳಿರಿ. ಗುರುತು ಪೆನ್ಸಿಲ್‌ನಲ್ಲಿ ಮಾತ್ರ.

ಮಿರ್ಚಿಭಜಿ, ಚುರುಮುರಿ ಕೊನೆಗೆ, ಪುಸ್ತಕಗಳೆಲ್ಲ ಚೀಲ ಸೇರಿದ ಮೇಲೆ. ಮ್ಯಾಪ್ಲಿಥೋ ಕಾಗದ ಎಣ್ಣೆಯನ್ನು ಹೀರಿಕೊಂಡರೆ ಕಲೆ ಹೋಗುವುದಿಲ್ಲ, ಹಿಂದಿನ ಎರಡು ಹಾಳೆಗೂ ಇಳಿಯುತ್ತದೆ.

ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ವಾರ ಕೂಟ ಇಟ್ಟರೆ ಮೂರು ಜನ ಬರುತ್ತಾರೆ. ಜನವರಿಯದನ್ನು ಕೊನೆಯ ಭಾನುವಾರಕ್ಕೆ ತಳ್ಳುತ್ತೇವೆ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆಯೂ ಪಡಸಾಲೆಯ ಗೋಡೆ ಕಾವು ಬಿಡುತ್ತಿರುತ್ತದೆ, ಆಗ ಬೆಳಿಗ್ಗೆ 7ಕ್ಕೆ ಶುರು, ಭಜಿ ಬದಲು ಮಜ್ಜಿಗೆ.