ಪ್ರತಿಧ್ವನಿ ಲೆಕ್ಕಕ್ಕೆ ಮೊದಲು ಎರಡು ಬಾಣ ಬರೆಸಿ

ಒಂಬತ್ತನೇ ಕ್ಲಾಸಿನ ಮಕ್ಕಳಿರುವವರಿಗೆ ಒಂದು ಮಾತು. ಸೋನಾರ್ ಲೆಕ್ಕ, ಅಂದರೆ ಶಬ್ದದ ಪ್ರತಿಧ್ವನಿಯಿಂದ ನೀರಿನ ಆಳ ಕಂಡುಹಿಡಿಯುವ ಲೆಕ್ಕ ಬಂದರೆ ಮಕ್ಕಳು ವೇಗವನ್ನು ಕಾಲದಿಂದ ಗುಣಿಸಿ, ಎರಡರಿಂದ ಭಾಗಿಸದೆ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನನ್ನ ಮಗಳೂ ಹಾಗೇ ಮಾಡುತ್ತಿದ್ದಳು. ಒಂದು ಸಂಜೆ ಕಾರವಾರದ ಬೈತಖೋಲ ಬಂದರಿಗೆ ಕರೆದುಕೊಂಡು ಹೋದೆ. ಪರಿಚಯದ ತಾಂಡೇಲರು (ಬೋಟು ನಡೆಸುವವರು) ಬೋಟಿನ ಫಿಶ್ ಫೈಂಡರ್, ಅಂದರೆ ಶಬ್ದ ಕಳಿಸಿ ಮೀನು, ಆಳ ತೋರಿಸುವ ಯಂತ್ರ, ಹಚ್ಚಿ ತೋರಿಸಿದರು. “ಶಬ್ದ ತಳಕ್ಕೆ ಬಡಿದು ವಾಪಸ್ ಬರ್ತದೆ ಮಗಾ” ಅಂದರು. ಅವಳು ಅಲ್ಲೇ ನೋಟ್‌ಬುಕ್ಕಿನಲ್ಲಿ ಬೋಟು ಬರೆದು, ಕೆಳಕ್ಕೊಂದು, ಮೇಲಕ್ಕೊಂದು ಬಾಣ ಎಳೆದಳು.

ಸಮುದ್ರದ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಪ್ರತಿಧ್ವನಿ ಬರಲು 0.04 ಸೆಕೆಂಡ್ ಹಿಡಿದರೆ ಹೋಗಿಬರುವ ದಾರಿ 60 ಮೀಟರ್, ಆಳ ಅದರ ಅರ್ಧ, 30 ಮೀಟರ್ ಮಾತ್ರ. ಆ ಎರಡು ಬಾಣ ಮೊದಲು ಬರೆಸಿ, ಸೂತ್ರ ಆಮೇಲೆ. ಗಾಳಿಯಲ್ಲಿ ಶಬ್ದದ ವೇಗವಾದ ಸೆಕೆಂಡಿಗೆ ಸುಮಾರು 340 ಮೀಟರನ್ನು ನೀರಿನ ಲೆಕ್ಕಕ್ಕೆ ಹಾಕದಂತೆಯೂ ನೋಡಿಕೊಳ್ಳಿ.