ಟಗರು ಮರಿ ಪ್ರಾಯಕ್ಕೆ ಬರುವಾಗ: ಹಾರ್ಮೋನುಗಳ ಕೆಲಸವನ್ನು ಗುರುತಿಸುವ ಕ್ರಮ

ಗಂಡು ಕುರಿಮರಿ ಒಂದೇ ದಿನದಲ್ಲಿ ಪ್ರಾಯಕ್ಕೆ ಬರುವುದಿಲ್ಲ. ಸುಮಾರು 147 ದಿನಗಳ ಗರ್ಭಾವಧಿಯ ಮೊದಲರ್ಧದಲ್ಲೇ ಭ್ರೂಣದ ವೃಷಣಗಳು ಸ್ರವಿಸುವ ಟೆಸ್ಟೊಸ್ಟೆರಾನ್ ಅದರ ಮಿದುಳನ್ನು ಗಂಡಿನ ರೀತಿಗೆ ಅಣಿಗೊಳಿಸತೊಡಗುತ್ತದೆ. ಆದ್ದರಿಂದಲೇ ಹೆಣ್ಣುಮರಿಗಿಂತ ಹಲವು ವಾರ ಮೊದಲೇ ಗಂಡುಮರಿಯಲ್ಲಿ ಹಾರ್ಮೋನುಗಳು ಚುರುಕಾಗುತ್ತವೆ. ಸಾಕುವವರು ಈ ಏರಿಕೆಯನ್ನು ಹಿಂಬಾಲಿಸಬೇಕು. ಅದಕ್ಕೆ ಒಂದು ಸಲದ ರಕ್ತಪರೀಕ್ಷೆಗಿಂತ ವೃಷಣಚೀಲದ ಸುತ್ತಳತೆ ನೋಡುವ ಅಳತೆಪಟ್ಟಿಯೇ ಹೆಚ್ಚು ನಂಬಿಕೆಗೆ ಅರ್ಹವೆಂದು ನಾನು ಭಾವಿಸುತ್ತೇನೆ.

ಇದರ ಕಾರಣ ಹಾರ್ಮೋನು ಸ್ರವಿಸುವ ಬಗೆಯಲ್ಲಿದೆ. ಮಿದುಳಿನ ಹೈಪೊಥಲಾಮಸ್ ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಬಿಟ್ಟುಬಿಟ್ಟು ಹೊರಹಾಕುತ್ತದೆ. (ವಿಜ್ಞಾನಿ ರೋಜರ್ ಗಿಯ್ಮಾ ಅವರ ತಂಡ ಈ ಹಾರ್ಮೋನನ್ನು ಬೇರ್ಪಡಿಸಿದ್ದು ಕುರಿಗಳ ಹೈಪೊಥಲಾಮಸ್‌ನಿಂದಲೇ; ಅವರು 1977ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲುದಾರರಾದರು.) ಜಿಎನ್‌ಆರ್‌ಎಚ್‌ನ ಪ್ರತಿ ಮಿಡಿತಕ್ಕೂ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡುತ್ತದೆ, ಎಲ್‌ಎಚ್ ವೃಷಣದ ಲೇಡಿಗ್ ಕೋಶಗಳಿಂದ ಟೆಸ್ಟೊಸ್ಟೆರಾನ್ ಹೊರಡಿಸುತ್ತದೆ. ಎಳೆಯ ಮರಿಯಲ್ಲಿ ತುಸು ಟೆಸ್ಟೊಸ್ಟೆರಾನ್ ಇದ್ದರೂ ಸಾಕು, ಮಿದುಳು ಜಿಎನ್‌ಆರ್‌ಎಚ್ ಅನ್ನು ತಡೆಹಿಡಿಯುತ್ತದೆ. ಬೆಳೆದಂತೆ ಈ ತಡೆ ಸಡಿಲಗೊಂಡು ಮಿಡಿತಗಳು ಹತ್ತಿರ ಹತ್ತಿರವಾಗುತ್ತವೆ. ಎರಡು ಮಿಡಿತಗಳ ನಡುವೆ ತೆಗೆದ ರಕ್ತದಲ್ಲಿ ಟೆಸ್ಟೊಸ್ಟೆರಾನ್ ಕಡಿಮೆ ಕಾಣಬಹುದು, ಮಿಡಿತದ ಬೆನ್ನಲ್ಲೇ ತೆಗೆದದ್ದರಲ್ಲಿ ಅದೇ ಮರಿಯಲ್ಲಿ ಬಹಳ ಹೆಚ್ಚು ಕಾಣಬಹುದು. ರಕ್ತದಿಂದಲೇ ತಿಳಿಯಬೇಕೆಂದರೆ ಹಲವು ಗಂಟೆಗಳ ಕಾಲ ಸ್ವಲ್ಪ ಸ್ವಲ್ಪ ಹೊತ್ತಿಗೆ ಮಾದರಿ ತೆಗೆಯಬೇಕಾಗುತ್ತದೆ. ಅದು ಪ್ರಯೋಗಾಲಯಕ್ಕೆ ಸರಿ, ಕೊಟ್ಟಿಗೆಗೆ ಅಲ್ಲ.

ವೃಷಣದ ಗಾತ್ರವಾದರೋ ವಾರಗಳ ಹಾರ್ಮೋನು ಪ್ರಭಾವವನ್ನು ಒಟ್ಟುಗೂಡಿಸಿ ತೋರಿಸುತ್ತದೆ. ಮರಿಯನ್ನು ನೇರವಾಗಿ ನಿಲ್ಲಿಸಿ, ವೃಷಣಚೀಲದ ಕುತ್ತಿಗೆಯನ್ನು ಒಂದು ಕೈಯಲ್ಲಿ ಹಿಡಿದು, ಎರಡೂ ವೃಷಣಗಳನ್ನು ಮೃದುವಾಗಿ ತಳಕ್ಕೆ ಇಳಿಸಿ, ಅತಿ ಅಗಲವಾದ ಭಾಗದ ಸುತ್ತ ಪಟ್ಟಿಯನ್ನು ಬಿಗಿಯದೆ, ಚರ್ಮಕ್ಕೆ ತಾಗುವಷ್ಟು ಮಾತ್ರ ಸುತ್ತಬೇಕು. ಹಿಡಿಯುವಾಗ ಹೆಬ್ಬೆರಳು ಎರಡು ವೃಷಣಗಳ ನಡುವೆ ತೂರಿದರೆ ಅವು ದೂರ ಸರಿದು ಅಳತೆ ಹುಸಿಯಾಗಿ ಹೆಚ್ಚುತ್ತದೆ. ಹದಿನೈದು ದಿನಕ್ಕೊಮ್ಮೆ ಒಬ್ಬರೇ ಅಳೆದು, ದೇಹತೂಕದ ಜೊತೆಯಲ್ಲೇ ಬರೆದಿಡುವುದು ಒಳ್ಳೆಯದು. ಮೊದಲು ನಿಧಾನವಾಗಿದ್ದ ಬೆಳವಣಿಗೆ ಥಟ್ಟನೆ ವೇಗ ಪಡೆಯುವ ಹಂತವನ್ನು ಗುರುತು ಮಾಡಿಕೊಳ್ಳಿ. ಒತ್ತಿದಾಗ ಎರಡೂ ವೃಷಣಗಳು ಸಮಗಾತ್ರವಾಗಿಯೂ ಪುಟಿಯುವಂತೆಯೂ ಇರಬೇಕು. ಒಂದು ಕೆಳಗಿಳಿಯದಿದ್ದರೆ ಆ ಮರಿಯನ್ನು ತಳಿಗೆ ಇಟ್ಟುಕೊಳ್ಳಬಾರದು.

ಈ ವೇಗವನ್ನು ನಿರ್ಧರಿಸುವುದರಲ್ಲಿ ವಯಸ್ಸಿಗಿಂತ ದೇಹತೂಕದ ಪಾತ್ರ ದೊಡ್ಡದು. ಮೇವು ಸಾಲದಾದಾಗ ಮಿದುಳು ಜಿಎನ್‌ಆರ್‌ಎಚ್ ಮಿಡಿತಗಳನ್ನು ಕಡಿಮೆ ಮಾಡುತ್ತದೆ, ಪ್ರಾಯ ಮುಂದಕ್ಕೆ ಹೋಗುತ್ತದೆ. ಆದುದರಿಂದ ಹಾಲು ಬಿಡಿಸಿದ ಮೇಲೆ ಪೌಷ್ಟಿಕ ಮೇವು ತಪ್ಪದಂತೆ ಮತ್ತು ಜಂತುಹುಳುವಿನ ಬಾಧೆಯಿಂದ ತೂಕ ಇಳಿಯದಂತೆ ನೋಡಿಕೊಳ್ಳಬೇಕು.

ಪ್ರಾಯವನ್ನು ಬೇಗ ತರಿಸಲೆಂದು ಟೆಸ್ಟೊಸ್ಟೆರಾನ್ ಚುಚ್ಚುಮದ್ದು ಕೊಡಿಸುವ ಯೋಚನೆಯನ್ನು ದಯವಿಟ್ಟು ಬಿಡಿ. ಹೊರಗಿನಿಂದ ಬಂದ ಹಾರ್ಮೋನು ಮಿದುಳಿನ ತಡೆಯನ್ನು ಇನ್ನಷ್ಟು ಬಿಗಿಗೊಳಿಸಿ, ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎರಡನ್ನೂ ತಗ್ಗಿಸುತ್ತದೆ; ಎಫ್‌ಎಸ್‌ಎಚ್ ಕೂಡ ಪಿಟ್ಯುಟರಿಯದೇ ಹಾರ್ಮೋನು. ಮರಿ ಟಗರಿನಂತೆ ವರ್ತಿಸಿದರೂ ವೃಷಣ ಸೊರಗುತ್ತದೆ. ವೀರ್ಯಾಣು ತಯಾರಿಕೆಗೆ ಆಸರೆಯಾದ, ಎಫ್‌ಎಸ್‌ಎಚ್‌ನಿಂದ ಹೆಚ್ಚುವ ಸೆರ್ಟೋಲಿ ಕೋಶಗಳ ಸಂಖ್ಯೆ ಪ್ರಾಯದ ಹೊತ್ತಿಗೆ ಬಹುಮಟ್ಟಿಗೆ ನಿಗದಿಯಾಗಿಬಿಡುವುದರಿಂದ, ಎಳವೆಯಲ್ಲಿ ಎಫ್‌ಎಸ್‌ಎಚ್ ಕುಗ್ಗಿಸುವುದು ಮುಂದಿನ ಸಾಮರ್ಥ್ಯಕ್ಕೇ ಪೆಟ್ಟು.

ನಾಲ್ಕು ತಿಂಗಳೊಳಗೆ ಗಂಡುಮರಿಗಳನ್ನು ಹೆಣ್ಣುಗಳಿಂದ ಬೇರ್ಪಡಿಸುವುದು ಕ್ಷೇಮ. ತಳಿಗೆ ಬಿಡುವ ಮುನ್ನ ವೀರ್ಯ ಪರೀಕ್ಷೆ ಮಾಡಿಸಬೇಕು. ವೀರ್ಯಾಣು ರೂಪುಗೊಳ್ಳಲು ಸುಮಾರು 7 ವಾರ, ವೃಷಣಕ್ಕೆ ಅಂಟಿಕೊಂಡಿರುವ ಎಪಿಡಿಡೈಮಿಸ್ ಎಂಬ ಸುರುಳಿನಾಳವನ್ನು ದಾಟಲು ಮತ್ತೆರಡು ವಾರ ಬೇಕಾಗುವುದರಿಂದ, ಮರಿಗೆ ಜ್ವರ ಬಂದಿದ್ದರೆ ಅಥವಾ ಅದು ತೀವ್ರ ಸೆಖೆಗೆ ಸಿಕ್ಕಿದ್ದರೆ ಎರಡು ತಿಂಗಳಿಗೂ ಹೆಚ್ಚು ಕಾದು ಪರೀಕ್ಷಿಸಿದಾಗ ಮಾತ್ರ ಸರಿಯಾದ ಫಲಿತಾಂಶ ಸಿಗುತ್ತದೆ.