ಡಬ್ಬಿಗೆ ಗುಬ್ಬಿ ಬಂತು, ಊರಲ್ಲಿ ಜಾಸ್ತಿ ಆಯ್ತಾ?

ನಾನು ಕೊಪ್ಪಳ ಜಿಲ್ಲೆಯ ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ ಮೇಷ್ಟ್ರು. ನಾಲ್ಕು ವರ್ಷದ ಹಿಂದೆ, ಮಾರ್ಚ್ 20ರ ಗುಬ್ಬಚ್ಚಿ ದಿನಕ್ಕೆ ದಾನಿಗಳೊಬ್ಬರು ನಮಗೆ 20 ತಗಡಿನ ಗೂಡು ಕೊಟ್ಟರು. ಹುಡುಗರನ್ನು ಕಟ್ಟಿಕೊಂಡು ಊರೆಲ್ಲ ತೂಗುಹಾಕಿದೆ. ಎರಡೇ ವಾರದಲ್ಲಿ ಕೆಲವು ಗೂಡಿಗೆ ಗುಬ್ಬಿಗಳು ಹುಲ್ಲುಕಡ್ಡಿ ಒಯ್ಯತೊಡಗಿದವು. ಫೋಟೊ ತೆಗೆದೆವು, ಪೇಡೆ ಹಂಚಿದೆವು. ‘ನಮ್ಮ ಊರಿಗೆ ಗುಬ್ಬಿ ಮರಳಿ ಬಂತು’ ಅಂತ ಶಾಲೆಯ ಬೋರ್ಡಿನ ಮೇಲೆ ನಾನೇ ಬರೆದೆ.

ಮೇ ಮೊದಲ ವಾರ ಒಬ್ಬಳು ಹುಡುಗಿ ಮಧ್ಯಾಹ್ನದ ಹೊತ್ತಿಗೆ ಓಡಿಬಂದಳು. ಅವರ ಮನೆಯ ಪಡುವಣ ಗೋಡೆಯ ಗೂಡಿನಲ್ಲಿ ಸದ್ದೇ ಇಲ್ಲ ಅಂದಳು. ಏಣಿ ಹತ್ತಿ ಮುಚ್ಚಳಕ್ಕೆ ಕೈ ಇಟ್ಟರೆ ಸುಟ್ಟಿತು. ಟವೆಲ್ ಸುತ್ತಿಕೊಂಡು ತೆಗೆದೆ. ಒಳಗೆ ಮೂರು ಮರಿ. ಪುಕ್ಕ ಇನ್ನೂ ಸರಿಯಾಗಿ ಬಂದಿರಲಿಲ್ಲ. ಹಳದಿ ಬಾಯಿ ತೆರೆದುಕೊಂಡೇ ಸತ್ತಿದ್ದವು. ನಮ್ಮ ಕಡೆ ಆ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸದಲ್ಲ. ತಗಡಿನ ಡಬ್ಬಿಯನ್ನು ಬಿಸಿಲಿನ ಗೋಡೆಗೆ ಹೊಡೆದವನು ನಾನು. ಅವತ್ತು ಸಂಜೆಯೊಳಗೆ ಬಿಸಿಲಿಗಿದ್ದ ಗೂಡನ್ನೆಲ್ಲ ನೆರಳಿಗೆ ಸರಿಸಿದೆ. ಮರಿಗಳು ಬೆಳೆದು ಹಾರಿದ ಮೇಲೆ ತಗಡಿನದೆಲ್ಲ ಇಳಿಸಿಬಿಟ್ಟೆ.

ಅದೇ ವಾರ ಪಕ್ಕದ ಓಣಿಯ ಅಜ್ಜಿಯೊಬ್ಬರು ಇನ್ನೊಂದು ಮಾತು ಹೇಳಿದರು. “ಮಾಸ್ತರ, ನಿಮ್ಮ ಡಬ್ಬ್ಯಾಗಿನ ಜೋಡಿ ಹೊಸಾದಲ್ಲ. ಹ್ವಾದ ವರ್ಷ ನಮ್ಮ ಜಂತ್ಯಾಗ ಇದ್ದುವು. ನಾವು ಮನಿ ಕೆಡವಿದ್ವಿ, ಅವು ನಿಮ್ಮ ಡಬ್ಬಿಗೆ ಬಂದಾವ. ಮನಿ ಬದಲ್ ಮಾಡ್ಯಾವ, ಅಷ್ಟ.”

ಆ ಮಾತು ರಾತ್ರಿಯೆಲ್ಲ ತಲೆಯಲ್ಲಿ ಕೊರೆಯಿತು. ನಾನು ಎಣಿಸಿದ್ದು ತುಂಬಿದ ಡಬ್ಬಿಗಳನ್ನು, ಗುಬ್ಬಿಗಳನ್ನಲ್ಲ.

ಆಮೇಲೆ ಹುಡುಕಿ ಓದತೊಡಗಿದೆ. ನಾವು ಮಾಡಿದ್ದರಿಂದ ಹಕ್ಕಿಗೆ ನಿಜವಾಗಿ ಉಪಯೋಗ ಆಯ್ತಾ ಅಂತ ನೋಡುವ ಕೆಲಸವನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ಒಂದು ತಂಡ ದೊಡ್ಡದಾಗಿ ಮಾಡುತ್ತಿದೆ. ಹಕ್ಕಿ ಉಳಿಸಲು ಜನ ಮಾಡುವ ಒಂದೊಂದು ಕ್ರಮವನ್ನೂ ತೆಗೆದುಕೊಂಡು, ಅದರ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ, ಪುರಾವೆ ಎಷ್ಟು ಗಟ್ಟಿ ಅಂತ ತೂಗುತ್ತಾರೆ. ಪ್ರಯೋಜನ ಇದೆ, ಇರಬಹುದು, ಇನ್ನೂ ತಿಳಿಯದು, ಹೀಗೆ ದರ್ಜೆಗಳಿವೆ. ಕೊನೆಯ ದರ್ಜೆ ‘ಪ್ರಯೋಜನ ಇಲ್ಲದಿರಬಹುದು, ಇಲ್ಲವೇ ಹಾನಿಯೇ ಆಗಬಹುದು’ ಅಂತ. ಅದನ್ನು ಓದಿದಾಗ ಆ ಮೂರು ಮರಿ ಕಣ್ಣಮುಂದೆ ಬಂದವು.

ಇನ್ನೊಂದು ಅಧ್ಯಯನ ನನಗೆ ತುಂಬಾ ಹತ್ತಿರದ್ದು ಅನ್ನಿಸಿತು. ಯಾಕೆಂದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆ ಹೊಲಗಳಲ್ಲಿ ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಇದೆ. ಈ ಜಾತಿಯ ಭಾರಿ ಹಕ್ಕಿಗಳಿಗೆ ವಿದ್ಯುತ್ ತಂತಿಯೇ ಯಮ. 2021ರಲ್ಲಿ ಸುಪ್ರೀಂ ಕೋರ್ಟು ರಾಜಸ್ಥಾನ, ಗುಜರಾತಿನಲ್ಲಿ ತಂತಿಗಳಿಗೆ ಡೈವರ್ಟರ್ ಹಾಕಲು ಹೇಳಿತು. ಹಕ್ಕಿಗೆ ದೂರದಿಂದಲೇ ತಂತಿ ಕಾಣಲಿ ಅಂತ ಕಟ್ಟುವ ಬಿಲ್ಲೆ, ಸುರುಳಿ ಅವು. ಅದೇ ವರ್ಷ ದಕ್ಷಿಣ ಆಫ್ರಿಕಾದ ಕರೂ ಬಯಲಿನ ಒಂದು ಪ್ರಯೋಗದ ಫಲಿತಾಂಶ ಹೊರಬಂತು. ಕೆಲವು ತಂತಿಗೆ ಗುರುತು ಕಟ್ಟಿ, ಕೆಲವನ್ನು ಹಾಗೇ ಬಿಟ್ಟು, ಕೆಳಗೆ ಬಿದ್ದ ಹಕ್ಕಿಗಳನ್ನು ವರ್ಷಗಟ್ಟಲೆ ಎಣಿಸಿದ್ದರು. ನೀಲಿ ಕೊಕ್ಕರೆಗಳು ತಂತಿಗೆ ಬಡಿಯುವುದು ಶೇ. 92ರಷ್ಟು ಕಡಿಮೆಯಾಗಿತ್ತು. ಎರ್ಲಡ್ಡುವಿನ ಬಳಗದ ಹಕ್ಕಿಗಳಲ್ಲಿ ಮಾತ್ರ ಏನೂ ವ್ಯತ್ಯಾಸ ಇಲ್ಲ! ಕಾರಣ ಇದಿರಬಹುದು: ಅವುಗಳ ಕಣ್ಣು ತಲೆಯ ಪಕ್ಕಕ್ಕಿವೆ. ಹಾರುವಾಗ ನೆಲ ನೋಡಲು ತಲೆ ಬಗ್ಗಿಸಿದರೆ ಎದುರಿನದು ಕಾಣುವುದೇ ಇಲ್ಲ. ಎದುರಿನದು ಕಾಣದ ಹಕ್ಕಿಗಾಗಿ ತಂತಿಗೆ ಬಿಲ್ಲೆ ಕಟ್ಟಿ ಏನು ಮಾಡುವುದು? ಒಂದು ಹಕ್ಕಿಗೆ ಆಗಿಬಂದದ್ದು ಇನ್ನೊಂದಕ್ಕೆ ಆಗಿಬರುತ್ತದೆ ಅಂತ ಸುಮ್ನೆ ನಂಬುವ ಹಾಗಿಲ್ಲ. ಗುರುತು ಕಟ್ಟದ ತಂತಿಯ ಕೆಳಗೂ ನಡೆದು ಎಣಿಸಿದ್ದಕ್ಕೇ ಇದು ಗೊತ್ತಾಯಿತು.

ನಾವೂ ಹಾಗೇ ಮಾಡೋಣ ಅಂದುಕೊಂಡೆ. ಈ ಸಲ ಮರದ ಗೂಡು. ತೂತು 32 ಮಿಲಿಮೀಟರ್, ಜಾಗ ಸೂರಿನ ನೆರಳಲ್ಲಿ. ಆದರೆ ಗೂಡು ಹಾಕುವ ಮೊದಲೇ ಎರಡು ತಿಂಗಳು ಗುಬ್ಬಿ ಎಣಿಸಿದೆವು. ಬೆಳಿಗ್ಗೆ ಆರೂವರೆಗೆ ಶುರು, ಒಂದೊಂದು ಓಣಿಯಲ್ಲಿ ಹತ್ತು ನಿಮಿಷ, ನಿಂತ ಜಾಗ ಬದಲಿಸುವ ಹಾಗಿಲ್ಲ. ಊರಿನ 12 ಓಣಿಯ ಹೆಸರು ಬರೆದು ಚೀಟಿ ಎತ್ತಿದೆವು. 6 ಓಣಿಗೆ ಗೂಡು, 6 ಓಣಿಗೆ ಇಲ್ಲ. ಪಕ್ಕದ ಊರಲ್ಲಿ ಬರೀ ಎಣಿಕೆ.

ಅತಿ ಕಷ್ಟವಾದದ್ದು ಈ ಚೀಟಿಯೇ. “ನಮ್ಮ ಓಣಿಗ್ಯಾಕ ಇಲ್ಲ ಸರ್?” ಅಂತ ಮಕ್ಕಳು ಮುಖ ಸಣ್ಣ ಮಾಡಿಕೊಂಡರು. ಎರಡು ವರ್ಷ ತಡೆಯಿರಿ ಅಂತ ಒಪ್ಪಿಸಿದೆ. ಇನ್ನೊಂದು ಸಮಸ್ಯೆ ಬೇಗ ಕಣ್ಣಿಗೆ ಬಿತ್ತು. ತಮ್ಮ ಓಣಿಯಲ್ಲಿ ಗೂಡು ಇದ್ದರೆ ಮಕ್ಕಳ ಲೆಕ್ಕವೂ ಹಿಗ್ಗುತ್ತಿತ್ತು. ಸುಳ್ಳಲ್ಲ, ಆಸೆ. ಹಾಗಾಗಿ ಎರಡೂ ಊರಿನ ಮಕ್ಕಳನ್ನು ಅದಲುಬದಲು ಮಾಡಿದೆ.

ಮೊದಲ ವರ್ಷ ಗೂಡಿನ ಓಣಿಗಳಲ್ಲಿ ಗುಬ್ಬಿ ಜಾಸ್ತಿಯಾದವು. ನನಗೂ ಖುಷಿಯಾಯಿತು. ಆದರೆ ಗೂಡಿಲ್ಲದ ಕೆಲವು ಓಣಿಗಳಲ್ಲಿ ಕಡಿಮೆಯಾಗಿದ್ದವು. ಊರಿನ ಒಟ್ಟು ಲೆಕ್ಕ ಹಿಡಿದರೆ ಸ್ವಲ್ಪ ಏರಿಕೆ ಇತ್ತು, ನಿಜ. ಪಕ್ಕದ ಊರಲ್ಲೂ ಹೆಚ್ಚೂಕಡಿಮೆ ಅಷ್ಟೇ ಏರಿತ್ತು. ಆ ವರ್ಷ ಮಳೆ ಚೆನ್ನಾಗಿತ್ತು, ಬಿಳಿಜೋಳ ತುಂಬಿ ಬಂದಿತ್ತು. ಅಜ್ಜಿಯ ಮಾತೇ ಬಹುಪಾಲು ಸರಿ.

ಒಂದು ಕಡೆ ಮಾತ್ರ ಗೂಡು ಕೆಲಸ ಮಾಡಿದ ಹಾಗಿದೆ. ಹಳೆಯ ಮಾಳಿಗೆ ಮನೆಗಳೆಲ್ಲ ಹೋಗಿ ಆರ್‌ಸಿಸಿ ಬಂದ ಓಣಿಗಳಲ್ಲಿ, ಗೂಡು ಇದ್ದಲ್ಲಿ ಗುಬ್ಬಿ ಉಳಿದವು, ಇಲ್ಲದ ಕಡೆ ಹೋದವು. ಆದರೆ ಅಂಥ ಓಣಿ ಮೂರೇ ಇವೆ. ಅದನ್ನೇ ಹಿಡಿದು ಜೋರಾಗಿ ಹೇಳಲಾರೆ.

ಮರಿಗಳ ಊಟದ ಕಡೆಗೂ ನೋಡಬೇಕು. ದೊಡ್ಡ ಗುಬ್ಬಿಗೆ ಕಾಳು ಸಾಕು, ಎಳೆ ಮರಿಗೆ ಹುಳು ಬೇಕು. ಲಂಡನ್ನಿನಲ್ಲಿ ಗುಬ್ಬಿಗಳಿಗೆ ಹುಳು ಇಟ್ಟು ನೋಡಿದಾಗ ಹಾರಿಹೋಗುವ ಮರಿಗಳು ಹೆಚ್ಚಾದವು, ದೊಡ್ಡ ಗುಬ್ಬಿಗಳ ಸಂಖ್ಯೆ ಮಾತ್ರ ಅಷ್ಟಾಗಿ ಏರಲಿಲ್ಲ. ಹಾಗಾಗಿ ಇದರ ಮೇಲೂ ಆಸೆ ಕಟ್ಟಿಕೊಂಡು ಕೂತಿಲ್ಲ, ಎಣಿಸಿಯೇ ನೋಡುತ್ತೇನೆ.

ಈಗ ಉಳಿದ 6 ಓಣಿಗೂ ಗೂಡು ಕೊಟ್ಟಿದ್ದೇವೆ, ಮಾತು ಕೊಟ್ಟಂತೆ. ಹೊಸ ಮನೆ ಕಟ್ಟುವವರ ಹತ್ತಿರ ಹೋಗಿ, ಸೂರಿನ ಕೆಳಗೆ ಗೋಡೆಯಲ್ಲೇ ಎರಡು ಗೂಡಿನ ಜಾಗ ಬಿಡಿ ಅಂತ ಕೇಳುತ್ತಿದ್ದೇನೆ. ಇಬ್ಬರು ಗೌಂಡಿಗಳು ಒಪ್ಪಿದ್ದಾರೆ. ಆ ಅಜ್ಜಿಯ ಹೊಸ ಮನೆಯ ಗೋಡೆಯಲ್ಲಿ ಮೊದಲನೆಯದು ಆಗಿದೆ. ಜನವರಿಯಿಂದ ಮತ್ತೆ ಎರಡೂ ಊರಲ್ಲಿ ಎಣಿಕೆ.